ಅಸಮರ್ಥರೆಂದು ಒಪ್ಪಿಕೊಂಡರೆ ಮಾತ್ರ ನೆರವೇ?

ಅಂಗವಿಕಲ ವೇತನಕ್ಕಾಗಿ ನಾಡಕಚೇರಿಯ ಸಾಲಿನಲ್ಲಿ ನಿಂತವರನ್ನು ನಮ್ಮ ಸಮಾಜ ನೋಡುವ ರೀತಿ ಬಹುತೇಕ ಒಂದೇ. ಇವರು ಯಾರದೋ ಆಸರೆಯಲ್ಲಿ ಬದುಕುವವರು, ಇವರ ಹೊಟ್ಟೆಬಟ್ಟೆ ನೋಡಿಕೊಳ್ಳಲು ಮನೆಯಲ್ಲಿ ತಾಯಿಯೋ ಅಣ್ಣನೋ ಅತ್ತಿಗೆಯೋ ಇದ್ದಾರೆ, ಸರಕಾರ ಕೊಡುವ ನಾಲ್ಕು ಕಾಸು ಅವರ ಔಷಧಕ್ಕೋ ಚಹಾಪುಡಿಗೋ ಆದರೆ ಸಾಕು ಎಂಬ ಭಾವನೆ. ಇದು ಕರುಣೆಯಿಂದ ಹುಟ್ಟಿದ ಭಾವನೆಯೇ, ಇಲ್ಲವೆನ್ನುವುದಿಲ್ಲ. ಆದರೆ ಆ ಸಾಲಿನಲ್ಲಿ ನಿಂತ ವ್ಯಕ್ತಿಯೇ ಮೂರು ಮಕ್ಕಳ ತಂದೆಯೋ ತಾಯಿಯೋ ಆಗಿದ್ದರೆ? ಅವರನ್ನೇ ನೆಚ್ಚಿಕೊಂಡ ಪುಟ್ಟ ಬಾಯಿಗಳು ಮನೆಯಲ್ಲಿ ಕಾಯುತ್ತಿದ್ದರೆ? ಈ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದೇ ಕಡಿಮೆ. ಅಂಗವಿಕಲ ಎಂಬ ಪದ ಸರಿಯಲ್ಲವೆಂದು ವಿಕಲಚೇತನ ಎಂದೆವು, ಅದೂ ಸರಿಯಿಲ್ಲವೆಂದು ವಿಶೇಷಚೇತನ ಎಂದೆವು. ಹೆಸರು ಬದಲಿಸುವುದರಲ್ಲಿ ನಾವು ತೋರಿದ ಉತ್ಸಾಹ, ಆ ಹೆಸರಿನ ಹಿಂದಿರುವ ಮನುಷ್ಯನಿಗೆ ಒಂದು ಸಂಸಾರವೂ ಇದ್ದೀತು ಎಂದು ಯೋಚಿಸುವುದರಲ್ಲಿ ಕಾಣಿಸಲಿಲ್ಲ.

ಒಬ್ಬ ಗಾರೆ ಕೆಲಸದವನನ್ನು ಎಣಿಸಿಕೊಳ್ಳಿ. ಮೂವತ್ತೈದರ ಪ್ರಾಯ. ಸಾರವೆಯಿಂದ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಹೆಂಡತಿ ಬೀಡಿ ಕಟ್ಟುತ್ತಾಳೆ. ದೊಡ್ಡ ಮಗ ಏಳನೇ ತರಗತಿ, ಸಣ್ಣವಳು ಅಂಗನವಾಡಿ. ಇಂತಹ ಮನೆಯಲ್ಲಿ ನಷ್ಟವಾಗುವುದು ಒಬ್ಬನ ದಿನಗೂಲಿ ಮಾತ್ರವಲ್ಲ. ಎರಡೆರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿಗೆ ಹಾಸಿಗೆ ಹುಣ್ಣು ಬೀಳುತ್ತದೆ. ಹಾಗೆ ಎದ್ದು ಹೋಗಿ ಬರುವಷ್ಟು ಹೊತ್ತು ಹೆಂಡತಿಯ ಸೂಪಿನಲ್ಲಿ ಬೀಡಿ ಕಡಿಮೆಯಾಗುತ್ತದೆ. ಮೂತ್ರದ ನಳಿಗೆ, ಬ್ಯಾಂಡೇಜು, ಆಸ್ಪತ್ರೆಗೆ ಹೋಗಲು ಆಟೋ, ಇವೆಲ್ಲ ಹೊಸ ಖರ್ಚು. ಹಿಂದೆ ಬಸ್ಸಿನಲ್ಲಿ ಹೋಗಬಹುದಿತ್ತು, ಈಗ ಆಗುವುದಿಲ್ಲ. ಅಷ್ಟರಲ್ಲಿ ಮಗ ಶಾಲೆ ತಪ್ಪಿಸಿ ಅಪ್ಪನ ಕೈಕಾಲಾಗುತ್ತಾನೆ. ಮೊದಲು ವಾರಕ್ಕೊಂದು ದಿನ, ಆಮೇಲೆ ಎರಡು ದಿನ. ಯಾರೂ ಅವನನ್ನು ಶಾಲೆ ಬಿಡಿಸುವುದಿಲ್ಲ, ಅದು ತಾನಾಗಿಯೇ ಬಿಟ್ಟುಹೋಗುತ್ತದೆ.

ಈ ಮನೆಗೆ ನಮ್ಮ ರಾಜ್ಯ ಕೊಡುವ ಅಂಗವಿಕಲ ವೇತನ, ವೈಕಲ್ಯ ಶೇ. 75ಕ್ಕಿಂತ ಹೆಚ್ಚಿದ್ದರೆ ತಿಂಗಳಿಗೆ 1400 ರೂ., ಅದಕ್ಕಿಂತ ಕಡಿಮೆಯಿದ್ದರೆ 800 ರೂ. ಕೇಂದ್ರ ಸರಕಾರದ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲು 2012ರಿಂದಲೂ 300 ರೂ. ಮೊತ್ತ ಸಣ್ಣದೆಂಬುದು ಎಲ್ಲರಿಗೂ ಗೊತ್ತಿರುವ ಮಾತು, ಅದನ್ನು ಮತ್ತೆ ಹೇಳಿ ಪ್ರಯೋಜನವಿಲ್ಲ. ನಾವು ಇಲ್ಲಿ ಗಮನಿಸಬೇಕಾದುದು ಬೇರೆ. ಈ ಮೊತ್ತ ದೇಹದ ಊನವನ್ನು ಶೇಕಡಾವಾರು ಅಳೆಯುತ್ತದೆ, ಹೊಣೆಯನ್ನು ಅಳೆಯುವುದಿಲ್ಲ. ಅಣ್ಣನ ಮನೆಯಲ್ಲಿರುವ ಒಂಟಿ ತರುಣನಿಗೂ, ಮೂರು ಮಕ್ಕಳನ್ನು ಸಾಕಬೇಕಾದ ತಂದೆಗೂ ಅದೇ 1400. ಕಾಲಿನ ಲೆಕ್ಕ ಇದೆ, ಕೈಯ ಲೆಕ್ಕ ಇದೆ, ತೊಡೆಯ ಮೇಲೆ ಕುಳಿತ ಮಗುವಿನ ಲೆಕ್ಕ ಇಲ್ಲ.

ಹಾಗಂತ ನಮ್ಮ ಕಾನೂನುಗಳಿಗೆ ಮಕ್ಕಳ ಪರಿಚಯವೇ ಇಲ್ಲ ಎಂದಲ್ಲ. ತಂದೆ ಸತ್ತ ಕೂಡಲೇ ಮಕ್ಕಳು ಕಾನೂನಿಗೆ ಕಾಣಿಸತೊಡಗುತ್ತಾರೆ. ಭವಿಷ್ಯನಿಧಿಯ ಜೊತೆಗಿರುವ 1995ರ ನೌಕರರ ಪಿಂಚಣಿ ಯೋಜನೆಯನ್ನೇ ತೆಗೆದುಕೊಳ್ಳಿ. ಸದಸ್ಯ ಮೃತನಾದರೆ ವಿಧವೆಗೆ ಪಿಂಚಣಿ, ಅದರ ಮೇಲೆ ಎರಡು ಮಕ್ಕಳಿಗೆ 25 ವರ್ಷ ತುಂಬುವವರೆಗೆ ತಲಾ ಶೇ. 25ರಷ್ಟು ಪ್ರತ್ಯೇಕ ಪಿಂಚಣಿ. ಅದೇ ಸದಸ್ಯ ಸಾಯದೆ, ಪೂರ್ಣ ಶಾಶ್ವತ ವೈಕಲ್ಯಕ್ಕೆ ಒಳಗಾಗಿ ಮನೆಯಲ್ಲಿ ಮಲಗಿದರೆ ಅವನಿಗೆ ಪಿಂಚಣಿ ಇದೆ, ಮಕ್ಕಳಿಗೆಂದು ಏನೂ ಇಲ್ಲ. 2014ರಲ್ಲಿ ನಿಗದಿಯಾದ ಕನಿಷ್ಠ ದರದಲ್ಲಿ ಲೆಕ್ಕ ಹಾಕಿದರೆ ಸತ್ತವನ ಮನೆಗೆ ವಿಧವೆಯ 1000, ಎರಡು ಮಕ್ಕಳ 250 ಮತ್ತು 250, ಒಟ್ಟು 1500 ರೂ. ಬದುಕಿದವನ ಮನೆಗೆ 1000 ರೂ. ಮಾತ್ರ, ಉಣ್ಣುವ ಬಾಯಿ ಒಂದು ಹೆಚ್ಚು! ಇದನ್ನು ಯಾರೋ ಕ್ರೂರಿಗಳು ಕುಳಿತು ಬರೆದದ್ದಲ್ಲ. ಬದುಕಿರುವ ತಂದೆ ಎಂದರೆ ದುಡಿಯುವ ತಂದೆ ಎಂದು ಬರೆದವರು ನಂಬಿದ್ದರು, ಅಷ್ಟೆ.

ಇಲ್ಲಿ ಇಎಸ್‌ಐ ಬಗ್ಗೆ ಒಂದು ನ್ಯಾಯದ ಮಾತು ಹೇಳಬೇಕು. 1948ರ ಆ ಕಾಯ್ದೆಯಲ್ಲೂ, ಈಗ ಅದನ್ನು ಒಳಗೊಂಡಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮಕ್ಕಳು ಅವಲಂಬಿತರ ಸೌಲಭ್ಯಕ್ಕೆ ಬರುವುದು ಕೆಲಸದ ಅವಘಡದಲ್ಲಿ ತಂದೆ ಸತ್ತ ಮೇಲೆಯೇ. ಆದರೆ ಬದುಕುಳಿದು ಪೂರ್ಣ ಅಂಗವಿಕಲನಾದ ಕಾರ್ಮಿಕನಿಗೆ ಕೂಲಿಯ ಶೇ. 90ರಷ್ಟನ್ನು ಜೀವನಪೂರ್ತಿ ಕೊಡುವುದರಿಂದ ಮಕ್ಕಳ ಹೆಸರು ಇಲ್ಲದಿದ್ದರೂ ಮನೆ ನಡೆಯುತ್ತದೆ. ನಮ್ಮ ಗಾರೆ ಕೆಲಸದವನಿಗೆ ಮಾತ್ರ ಇಎಸ್‌ಐ ಇಲ್ಲ. ಹಾಜರಿ ಪುಸ್ತಕವೇ ಇಲ್ಲದ ಕೆಲಸ ಅವನದು.

ಸರಕಾರವನ್ನು ಬೈಯುವ ಮೊದಲು ನಮ್ಮ ಅಂಗಳವನ್ನೂ ಒಮ್ಮೆ ನೋಡಿಕೊಳ್ಳೋಣ. ಯತೀಮ್ ಎಂದರೆ ಪ್ರಾಯಕ್ಕೆ ಬರುವ ಮುನ್ನ ತಂದೆಯನ್ನು ಕಳೆದುಕೊಂಡ ಮಗು. ಯತೀಮ್ ಮಕ್ಕಳ ಬಗ್ಗೆ ನಮ್ಮ ಜಮಾಅತ್‌ಗಳು ತೋರುವ ಕಾಳಜಿ ದೊಡ್ಡದು. ಅವರಿಗಾಗಿ ಯತೀಂಖಾನೆಗಳಿವೆ, ರಮಝಾನಿನಲ್ಲಿ ಪಟ್ಟಿ ತಯಾರಾಗುತ್ತದೆ, ಈದ್‌ಗೆ ಬಟ್ಟೆ ಬರುತ್ತದೆ. ಪಾರ್ಶ್ವವಾಯು ಬಡಿದು ಹತ್ತು ವರ್ಷದಿಂದ ಮಲಗಿರುವವನ ಮಗು ಮಾತ್ರ ಯತೀಮ್ ಅಲ್ಲ. ತಂದೆ ಇದ್ದಾನಲ್ಲ! ಆ ಮನೆ ಬಡವರ ಪಟ್ಟಿಯಲ್ಲಿ ಎಲ್ಲೋ ಕೊನೆಗೆ ಸೇರಿ ಒಂದು ಕಿಟ್ ಅಕ್ಕಿ ಪಡೆಯುತ್ತದೆ. ಕಾನೂನಿಗೂ ದಾನಕ್ಕೂ ಒಂದೇ ಕುರುಡು ಕಲೆ ಇದ್ದರೆ, ಅದು ಬರಿಯ ಕಚೇರಿಯ ದೋಷವಲ್ಲ, ನಮ್ಮ ಯೋಚನೆಯಲ್ಲೇ ಎಲ್ಲೋ ಒಂದು ಬಿರುಕಿದೆ ಎಂದರ್ಥ.

ಬೇರೆ ದೇಶಗಳು ಈ ಮಗುವನ್ನು ಹೇಗೆ ಕಂಡಿವೆ? ಇದಕ್ಕೆ ಅಮೆರಿಕದ ಉದಾಹರಣೆ ಉಪಯುಕ್ತ. ಅಲ್ಲಿನದೆಲ್ಲ ಚೆನ್ನಾಗಿದೆ ಎಂಬ ಕಾರಣಕ್ಕಲ್ಲ, ಅಲ್ಲಿ ಈ ವಿಷಯದ ಒಳ್ಳೆಯದೂ ಕೆಟ್ಟದೂ ಎರಡೂ ಸ್ಪಷ್ಟವಾಗಿ ಕಾಣುತ್ತವೆ ಎಂಬ ಕಾರಣಕ್ಕೆ. ಅಲ್ಲಿ 1935ರಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂತು. ದುಡಿಯುವವರ ಸಂಬಳದಿಂದ ವಂತಿಗೆ ಹಿಡಿದು ವೃದ್ಧಾಪ್ಯದಲ್ಲಿ ಪಿಂಚಣಿ ಕೊಡುವ ವ್ಯವಸ್ಥೆ ಅದು. 1956ರಲ್ಲಿ ಅಂಗವಿಕಲರಾದ ಕಾರ್ಮಿಕರನ್ನು ಸೇರಿಸಿಕೊಂಡರು, ಅದೂ 50 ವರ್ಷ ದಾಟಿದವರನ್ನು ಮಾತ್ರ. ಎರಡೇ ವರ್ಷದಲ್ಲಿ, 1958ರಲ್ಲಿ, ಅವರ ಮಕ್ಕಳಿಗೂ ಪ್ರತ್ಯೇಕ ಹಣ ಕೊಡಬೇಕೆಂಬ ತಿದ್ದುಪಡಿ ಬಂತು. 1960ರಲ್ಲಿ 50ರ ಗಡಿಯನ್ನು ತೆಗೆದುಹಾಕಿದ ಮೇಲೆ ಈ ತಿದ್ದುಪಡಿಗೆ ನಿಜವಾದ ಅರ್ಥ ಬಂತು, ಏಕೆಂದರೆ ಎಳೆಯ ಮಕ್ಕಳಿರುವುದು ಸಾಮಾನ್ಯವಾಗಿ ಎಳೆಯ ತಂದೆತಾಯಿಗೇ.

ನಿಯಮ ಸರಳವಾಗಿದೆ. ಅಂಗವಿಕಲನಾದ ತಂದೆಗೋ ತಾಯಿಗೋ ಸಿಗುವ ಪಿಂಚಣಿಯ ಅರ್ಧದಷ್ಟರವರೆಗೆ ಮಗುವಿಗೆ ಸಿಗುತ್ತದೆ. ಮಗುವಿಗೆ 18 ತುಂಬುವವರೆಗೆ, ಶಾಲೆಯಲ್ಲಿ ಇನ್ನೂ ಪೂರ್ಣಾವಧಿ ಓದುತ್ತಿದ್ದರೆ 19ರವರೆಗೆ. ತಂದೆ ಸತ್ತಿದ್ದರೆ ಅದು ಮುಕ್ಕಾಲು ಪಾಲು. ಅಂದರೆ ಸತ್ತವನ ಮಗುವಿಗೂ ಮಲಗಿದವನ ಮಗುವಿಗೂ ವ್ಯತ್ಯಾಸ ಮೊತ್ತದಲ್ಲಿದೆ, ಇದೆಯೋ ಇಲ್ಲವೋ ಎಂಬುದರಲ್ಲಿಲ್ಲ. ಇದಕ್ಕಿಂತ ನಮಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಅಂಶ. ಮಗುವಿನ ಹಣ ಮಗುವಿನ ಹಕ್ಕು. ಆದರೆ ಅದು ಮಗುವಿನ ಕೈಗೆ ಹೋಗುವಂತಿಲ್ಲ, ಯಾರಾದರೂ ಅದರ ಪರವಾಗಿ ಪಡೆದು ಖರ್ಚು ಮಾಡಿ ಲೆಕ್ಕ ಇಡಬೇಕು. ಆ ಯಾರೋ ಸಾಮಾನ್ಯವಾಗಿ ತಂದೆ ಅಥವಾ ತಾಯಿಯೇ, ಅಂಗವಿಕಲರಾದ ಆ ತಂದೆ ಅಥವಾ ತಾಯಿಯೂ ಆಗಬಹುದು. ಇಲ್ಲಿ ಕಾನೂನು ಒಬ್ಬ ಮನುಷ್ಯನಿಗೆ ಎರಡು ಮಾತು ಹೇಳುತ್ತಿದೆ. ನಿನ್ನಿಂದ ಕೆಲಸ ಮಾಡಲಾಗುವುದಿಲ್ಲ, ಸರಿ. ಆದರೆ ನೀನು ತಂದೆಯಾಗಿರುವುದು ನಿಂತಿಲ್ಲ. ಈ ಎರಡನ್ನು ಬೇರೆ ಬೇರೆ ಮಾಡಿ ನೋಡಿದ್ದೇ ಆ ತಿದ್ದುಪಡಿಯ ದೊಡ್ಡತನ.

ಆದರೆ ಅಲ್ಲಿಯ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಎಪ್ಪತ್ತರ ದಶಕದಲ್ಲಿ ಅಂಗವಿಕಲ ಪಿಂಚಣಿದಾರರ ಸಂಖ್ಯೆ ಏರಿತು, ಹಣ ಸಾಲದೆಂಬ ಕೂಗೆದ್ದಿತು. ದುಡಿಯುತ್ತಿದ್ದಾಗಿಗಿಂತ ಹೆಚ್ಚು ಹಣ ಮಲಗಿದಾಗ ಬಂದರೆ ಯಾರು ತಾನೇ ಮತ್ತೆ ಕೆಲಸಕ್ಕೆ ಹೋಗುತ್ತಾರೆ ಎಂಬ ವಾದ ಬಲವಾಯಿತು. 1980ರಲ್ಲಿ ಒಂದು ಮಿತಿ ಹಾಕಿದರು. ಅಂಗವಿಕಲನ ಇಡೀ ಕುಟುಂಬಕ್ಕೆ ಸಿಗುವ ಒಟ್ಟು ಹಣ ಅವನ ಹಿಂದಿನ ಸರಾಸರಿ ಮಾಸಿಕ ಗಳಿಕೆಯ ಶೇ. 85ನ್ನು ಮೀರಬಾರದು, ಅವನ ಸ್ವಂತ ಪಿಂಚಣಿಯ ಒಂದೂವರೆ ಪಟ್ಟನ್ನೂ ಮೀರಬಾರದು. ಅವನ ಸ್ವಂತ ಪಿಂಚಣಿಯನ್ನು ಮಾತ್ರ ಈ ಮಿತಿ ಮುಟ್ಟುವುದಿಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಇದರ ಫಲ ಯಾರ ಮೇಲೆ ಬಿತ್ತು ನೋಡಿ. ತಿಂಗಳಿಗೆ ಸರಾಸರಿ 1000 ಡಾಲರ್ ಗಳಿಸುತ್ತಿದ್ದ ಬಡ ಕೆಲಸಗಾರನ ಸ್ವಂತ ಪಿಂಚಣಿಯೇ 900 ಡಾಲರ್. ಶೇ. 85 ಎಂದರೆ 850. ಅವನ ಪಿಂಚಣಿಯೇ ಮಿತಿಯನ್ನು ದಾಟಿರುವುದರಿಂದ ಮಕ್ಕಳ ಪಾಲಿಗೆ ಸೊನ್ನೆ. ಮೂರು ಸಾವಿರ ಗಳಿಸುತ್ತಿದ್ದವನ ಮಕ್ಕಳಿಗೆ ಎಂಟುನೂರು ಡಾಲರಿನ ಆಸುಪಾಸು ಸಿಗುತ್ತದೆ! ಸೋಮಾರಿತನ ತಡೆಯಲು ಹಾಕಿದ ಬೇಲಿ, ಅತಿ ಬಡವರ ಮಕ್ಕಳನ್ನೇ ಹೊರಗೆ ನಿಲ್ಲಿಸಿತು. ಬಡ ಅಂಗವಿಕಲನ ಬಗ್ಗೆ ಶ್ರೀಮಂತ ದೇಶಕ್ಕಿರುವ ಅನುಮಾನವೂ ನಮ್ಮ ಅನುಮಾನಕ್ಕಿಂತ ಬೇರೆಯಲ್ಲ.

ಇನ್ನು ಎಂದೂ ಕೆಲಸಕ್ಕೆ ಹೋಗಲಾಗದವರ ಗತಿ ಏನು? ಹುಟ್ಟಿನಿಂದಲೇ ತೀವ್ರ ವೈಕಲ್ಯವಿರುವ ತಾಯಿ ವಂತಿಗೆ ಕಟ್ಟಿರುವುದಿಲ್ಲ. ಅವಳಿಗಾಗಿ 1974ರಿಂದ ಬೇರೊಂದು ಯೋಜನೆ ನಡೆಯುತ್ತಿದೆ, ಬಡತನವನ್ನು ತಪಾಸಣೆ ಮಾಡಿ ಕೊಡುವಂಥದು. ಅದರಲ್ಲಿ ಮಕ್ಕಳಿದ್ದಾರೆಂಬ ಕಾರಣಕ್ಕೆ ಹೆಚ್ಚುವರಿ ಏನೂ ಇಲ್ಲ. ಗಳಿಸಿದವನಿಗೆ ತಂದೆತನದ ಮಾನ್ಯತೆ ಇದೆ, ಗಳಿಸಲಾಗದವಳಿಗೆ ತಾಯ್ತನದ ಮಾನ್ಯತೆ ಇಲ್ಲ. ಪಕ್ಕದ ಕೆನಡಾದಲ್ಲಿ ವಂತಿಗೆ ಕಟ್ಟಿದ ಅಂಗವಿಕಲನ ಪ್ರತಿ ಮಗುವಿಗೂ ತಂದೆಯ ಗಳಿಕೆ ಎಷ್ಟಿದ್ದರೂ ಒಂದೇ ಸಮನಾದ ಮೊತ್ತ ಕೊಡುತ್ತಾರೆ. ಮಗುವಿನ ಹಸಿವು ತಂದೆಯ ಹಳೆಯ ಸಂಬಳವನ್ನು ಕೇಳುವುದಿಲ್ಲವಾದ್ದರಿಂದ ಇದು ನಮಗೆ ಹೆಚ್ಚು ಹಿಡಿಸುತ್ತದೆ. ಆದರೆ ವಂತಿಗೆಯ ಬಾಗಿಲು ಅಲ್ಲಿಯೂ ಇದೆ.

ಹಣ ತಪ್ಪಾಗಿ ಹೆಚ್ಚು ಪಾವತಿಯಾದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕವೇ ಪಾಠ. ಮಗುವಿನ ಹಣ ಮಗುವಿನದೇ ಎಂದ ಮೇಲೆ ಸಾಲವೂ ಮಗುವಿನದೇ ಆಗಿಬಿಡುತ್ತದೆ! ತಮ್ಮ ಬಾಲ್ಯದಲ್ಲಿ ಕುಟುಂಬಕ್ಕೆ ಹೆಚ್ಚಾಗಿ ಪಾವತಿಯಾಗಿತ್ತೆಂಬ ಹಣವನ್ನು, ಹತ್ತಾರು ವರ್ಷಗಳ ನಂತರ, ಬೆಳೆದು ದುಡಿಯುತ್ತಿದ್ದವರ ತೆರಿಗೆ ಮರುಪಾವತಿಯಿಂದ ಹಿಡಿದುಕೊಳ್ಳುತ್ತಿರುವ ಸಂಗತಿ 2014ರಲ್ಲಿ ಪತ್ರಿಕೆಗಳಲ್ಲಿ ಬಂದು ದೊಡ್ಡ ಗದ್ದಲವಾಯಿತು. ಇಲಾಖೆ ಆ ಹಳೆಯ ವಸೂಲಿಯನ್ನು ನಿಲ್ಲಿಸಬೇಕಾಯಿತು. ಕಚೇರಿಯ ತಪ್ಪಿಗೆ ತೊಟ್ಟಿಲ ಮಗು ಸಾಲಗಾರನಾಗುವುದು ಯಾವ ನ್ಯಾಯ?

ಈಗ ಮತ್ತೆ ನಮ್ಮ ಊರಿಗೆ ಬರೋಣ. ಅಂಗವಿಕಲರ ಮಕ್ಕಳಿಗೆಂದು ನಮ್ಮಲ್ಲಿ ಏನೂ ಇಲ್ಲ ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಪ್ರಾಯೋಜಕತ್ವ ಎಂಬ ಕಾರ್ಯಕ್ರಮವಿದೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯ ಪ್ರಕಾರ ಅದರಲ್ಲಿ ಒಂದು ಮಗುವಿಗೆ ತಿಂಗಳಿಗೆ 4000 ರೂ. ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಬೇರೆಡೆ 96,000 ರೂ. ಮೀರಿರಬಾರದು. ವಿಧವೆಯರ, ಪರಿತ್ಯಕ್ತೆಯರ ಮಕ್ಕಳ ಜೊತೆಗೆ, ಮಾರಕ ಕಾಯಿಲೆಗೆ ತುತ್ತಾದವರ ಮಕ್ಕಳೂ, ಆರ್ಥಿಕವಾಗಿ ಮತ್ತು ದೈಹಿಕವಾಗಿ ಮಕ್ಕಳನ್ನು ನೋಡಿಕೊಳ್ಳಲು ಅಸಮರ್ಥರಾದ ತಂದೆತಾಯಿಯರ ಮಕ್ಕಳೂ ಈ ಪಟ್ಟಿಯಲ್ಲಿದ್ದಾರೆ. ತಂದೆಯ 1400ರ ಪಕ್ಕದಲ್ಲಿ ಈ 4000 ದೊಡ್ಡ ಮೊತ್ತ. ಗಾರೆ ಕೆಲಸದವನ ಮಗನನ್ನು ಶಾಲೆಯಲ್ಲಿ ಉಳಿಸಲು ಇಷ್ಟು ಸಾಕಾಗಬಹುದು.

ಆದರೆ ಇದನ್ನು ಪಡೆಯುವ ದಾರಿ ಯಾವುದು? ಇದು ಪಿಂಚಣಿಯಂತೆ ನಾಡಕಚೇರಿಯಲ್ಲಿ ಬರೆದುಕೊಡುವ ಅರ್ಜಿಯಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮನೆಗೆ ಬಂದು ವರದಿ ಮಾಡಬೇಕು. ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಬೀದಿಯಲ್ಲಿ ಸಿಕ್ಕ ಮಗು, ಭಿಕ್ಷೆಗೆ ತಳ್ಳಲ್ಪಟ್ಟ ಮಗು, ಸಾಗಾಟಕ್ಕೆ ಒಳಗಾದ ಮಗು ಬರುವ ಸಮಿತಿ ಅದು. ಆ ಕಾಯ್ದೆಯ ಭಾಷೆಯಲ್ಲಿ 'ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು' ಎಂಬ ಒಂದು ವರ್ಗವಿದೆ. ಮಗುವನ್ನು ನೋಡಿಕೊಳ್ಳಲು ತಂದೆತಾಯಿ ಅನರ್ಹರು ಅಥವಾ ಅಸಮರ್ಥರು ಎಂದು ಸಮಿತಿಗೆ ಕಂಡುಬಂದರೆ ಮಗು ಆ ವರ್ಗಕ್ಕೆ ಸೇರುತ್ತದೆ. ಅನರ್ಹರು ಮತ್ತು ಅಸಮರ್ಥರು, ಎರಡೂ ಒಂದೇ ವಾಕ್ಯದಲ್ಲಿ, ನಡುವೆ 'ಅಥವಾ' ಎಂಬ ಒಂದು ಪದ. ಕುಡಿದು ಬಂದು ಮಗುವನ್ನು ಹೊಡೆಯುವ ತಂದೆಗೂ, ಮಲಗಿದಲ್ಲಿಂದಲೇ ಮಗನ ಮಗ್ಗಿ ಕೇಳುವ ತಂದೆಗೂ ಒಂದೇ ವಾಕ್ಯ.

ನಮ್ಮ ತಕರಾರು ಇರುವುದು ಇಲ್ಲೇ. ಸಮಿತಿಯಲ್ಲಿರುವವರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಅವರಲ್ಲಿ ಅನೇಕರು ಸಹೃದಯರು, ಪ್ರಾಯೋಜಕತ್ವದ ಉದ್ದೇಶವೇ ಮಗುವನ್ನು ಮನೆಯಲ್ಲಿ ಉಳಿಸುವುದು. ಆದರೂ ನೆರವಿಗಾಗಿ ಒಬ್ಬ ತಂದೆ 'ನನ್ನ ಮಗುವನ್ನು ನೋಡಿಕೊಳ್ಳಲು ನಾನು ಅಸಮರ್ಥ' ಎಂದು ಬರೆದುಕೊಡಬೇಕಾಗಿ ಬರುವುದು, ಅದನ್ನು ಮಗು ಕೇಳಿಸಿಕೊಳ್ಳುವುದು ಸಣ್ಣ ಸಂಗತಿಯೇ? ಇಂತಹ ಮನೆಗಳಲ್ಲಿ ಅರ್ಜಿ ತುಂಬುವುದು ಬಹುತೇಕ ಸಂದರ್ಭಗಳಲ್ಲಿ ಓದು ಬಲ್ಲ ಮಗುವೇ. ಕಣ್ಣು ಕಾಣದ ತಾಯಿಗೆ ಆ ಸಾಲನ್ನು ಓದಿ ಹೇಳುವುದೂ ಮಗಳೇ. ಹಲವರು ಈ ಕಡೆ ಸುಳಿಯದಿರಲು ಇನ್ನೊಂದು ಕಾರಣವೂ ಇದೆ, ಹೆದರಿಕೆ. ಅಸಮರ್ಥ ಎಂದು ಒಮ್ಮೆ ಕಾಗದದಲ್ಲಿ ಬಿದ್ದರೆ ನಾಳೆ ಮಗುವನ್ನೇ ಕರೆದೊಯ್ದರೆ? ಈ ಹೆದರಿಕೆಗೆ ಆಧಾರವಿಲ್ಲ ಎಂದು ಅವರಿಗೆ ಖಚಿತವಾಗಿ ಹೇಳಲು ನಮಗೂ ಕಷ್ಟ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿ, ಮಗುವಿನ ವೈಕಲ್ಯದ ಕಾರಣಕ್ಕಾಗಲಿ ತಂದೆತಾಯಿಯ ವೈಕಲ್ಯದ ಕಾರಣಕ್ಕಾಗಲಿ ಮಗುವನ್ನು ಅವರಿಂದ ಬೇರ್ಪಡಿಸಬಾರದು ಎನ್ನುತ್ತದೆ. ಭಾರತ 2007ರಲ್ಲಿ ಅದನ್ನು ಒಪ್ಪಿ ಅನುಮೋದಿಸಿತು. ಅದನ್ನು ಜಾರಿಗೊಳಿಸಲೆಂದೇ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 9ನೇ ಕಲಮು ಅಂಗವಿಕಲ ಮಗುವಿಗೆ ಈ ರಕ್ಷಣೆ ಕೊಟ್ಟಿದೆ, ಅಂಗವಿಕಲ ತಂದೆತಾಯಿಗೆ ಕೊಟ್ಟಿಲ್ಲ. ವಾಕ್ಯದ ಅರ್ಧ ಇಲ್ಲಿಗೆ ಬರುವ ದಾರಿಯಲ್ಲಿ ಕಳೆದುಹೋಯಿತು.

ನಿಯಮದ ಒಂದು ಶಬ್ದ ಮನೆಯೊಳಗೆ ಏನು ಮಾಡುತ್ತದೆ ಎಂಬುದಕ್ಕೆ ಎರಡನೆಯ ಖಲೀಫರಾದ ಉಮರ್ ಅವರ ಕಾಲದ ಒಂದು ಪ್ರಸಂಗ ಇತಿಹಾಸ ಗ್ರಂಥಗಳಲ್ಲಿ ಬರುತ್ತದೆ. ಬೈತುಲ್‌ಮಾಲಿನಿಂದ ಮಕ್ಕಳಿಗೂ ಭತ್ಯೆ ಕೊಡುವ ಏರ್ಪಾಡಿತ್ತು, ಆದರೆ ಮೊಲೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ. ಮದೀನದ ಹೊರಗೆ ಬೀಡುಬಿಟ್ಟಿದ್ದ ವರ್ತಕರ ತಂಡವನ್ನು ರಾತ್ರಿ ಕಾಯಲು ಹೋದ ಖಲೀಫರಿಗೆ ಒಂದು ಶಿಶುವಿನ ಅಳು ಮತ್ತೆ ಮತ್ತೆ ಕೇಳಿಸಿತು. ತಾಯಿಯನ್ನು ಗದರಿದರು. ಎದುರಿಗಿರುವವರು ಯಾರೆಂದು ತಿಳಿಯದ ಆಕೆ, ಹಾಲು ಬಿಡಿಸುತ್ತಿದ್ದೇನೆ, ಹಾಲು ಬಿಟ್ಟ ಮಕ್ಕಳಿಗಲ್ಲದೆ ಉಮರ್ ಭತ್ಯೆ ಕೊಡುವುದಿಲ್ಲವಲ್ಲ ಎಂದಳು. ಮರುದಿನ ಮುಂಜಾವಿನ ನಮಾಝಿನಲ್ಲಿ ಅವರ ಅಳುವಿನಿಂದಾಗಿ ಓದುತ್ತಿದ್ದುದು ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ಡಂಗುರ ಸಾರಿಸಿದರು. ಈ ಪ್ರಸಂಗವನ್ನು ಉಮರ್ ಅವರ ಕರುಣೆಗೆ ನಿದರ್ಶನವಾಗಿ ಹೇಳುವುದು ವಾಡಿಕೆ. ನಮಗೆ ಇದರಲ್ಲಿ ಆಡಳಿತದ ಪಾಠ ಹೆಚ್ಚು ಕಾಣುತ್ತದೆ. ಅವರು ತಾಯಿಯ ದುರಾಸೆಯನ್ನು ತಪಾಸಣೆ ಮಾಡಲು ಅಧಿಕಾರಿಯನ್ನು ನೇಮಿಸಲಿಲ್ಲ. ತಾಯಿಯ ಕೈಯಿಂದ ಅಂಥ ಕೆಲಸ ಮಾಡಿಸಿದ್ದು ತಾನು ಹಾಕಿದ ಷರತ್ತು ಎಂದು ತಿಳಿದು, ಷರತ್ತನ್ನೇ ತೆಗೆದರು.

ನಮ್ಮ ವಾದಕ್ಕೆ ಆಕ್ಷೇಪಗಳಿವೆ, ಅವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮೊದಲನೆಯದು, ಬಡ ಮಕ್ಕಳು ಎಲ್ಲ ಕಡೆ ಇದ್ದಾರೆ, ಅಂಗವಿಕಲರ ಮಕ್ಕಳಿಗೆ ಮಾತ್ರ ಏಕೆ ಹೆಚ್ಚು? ಎಲ್ಲ ಬಡ ಮಕ್ಕಳಿಗೂ ಕೊಡುವ ದಿನ ಬಂದರೆ ನಮಗೆ ಸಂತೋಷವೇ. ಆದರೆ ಒಂದೇ ಆದಾಯದ ಎರಡು ಮನೆಗಳು ಒಂದೇ ಮಟ್ಟದ ಬಡ ಮನೆಗಳಲ್ಲ. ಒಂದು ಮನೆಯಲ್ಲಿ ಹತ್ತು ಸಾವಿರ ಬಂದರೆ ಹತ್ತು ಸಾವಿರವೂ ಊಟಕ್ಕೆ, ಬಾಡಿಗೆಗೆ. ಇನ್ನೊಂದರಲ್ಲಿ ಮೂತ್ರದ ನಳಿಗೆ, ಆಟೋ, ಹುಣ್ಣಿನ ಔಷಧ ಕಳೆದು ಉಳಿದದ್ದು ಊಟಕ್ಕೆ. ಆದಾಯ ಪ್ರಮಾಣಪತ್ರದಲ್ಲಿ ಎರಡೂ ಒಂದೇ.

ಎರಡನೆಯದು ದುರುಪಯೋಗದ ಪ್ರಶ್ನೆ. ಮಗುವಿನ ಹಣವನ್ನು ತಂದೆ ಕುಡಿದು ಕಳೆದರೆ? ಕಳೆಯುವವರು ಇರಬಹುದು. ಹಾಗೆ ಕಳೆಯುವ ತಂದೆಯರು ಎರಡು ಕಾಲಿರುವವರಲ್ಲೂ ಇದ್ದಾರೆ, ಅವರ ಸಂಬಳವನ್ನು ಯಾರೂ ಸಮಿತಿಯ ಮುಂದೆ ಇಡುವುದಿಲ್ಲ. ಮಗುವಿಗೆ ನಿಜವಾಗಿ ಅಪಾಯವಿರುವಲ್ಲಿ ಬಾಲನ್ಯಾಯ ಕಾಯ್ದೆ ಇದ್ದೇ ಇದೆ, ಅದರ ಕೆಲಸ ಅದು ಮಾಡಲಿ. ಮೂರನೆಯದು ಕೆಲಸ ಮಾಡುವ ಮನಸ್ಸು ಸತ್ತುಹೋಗುತ್ತದೆ ಎಂಬ ಅಮೆರಿಕದ ಹಳೆಯ ವಾದ. 1400 ರೂಪಾಯಿಯ ಊರಿನಲ್ಲಿ ಈ ವಾದವನ್ನು ಎತ್ತುವುದಕ್ಕೇ ನಾಚಿಕೆಯಾಗಬೇಕು.

ಕಷ್ಟದ ಆಕ್ಷೇಪ ಇನ್ನೊಂದಿದೆ. ಹಣವನ್ನು ಮಗುವಿನ ಹಕ್ಕು ಎನ್ನಬೇಕೇ, ತಂದೆತಾಯಿಯ ಹಕ್ಕು ಎನ್ನಬೇಕೇ? ಮಗುವಿನದು ಎಂದರೆ ತಂದೆ ಬರೀ ದಾರಿಯಾಗುತ್ತಾನೆ, ಅವನ ಮೇಲೆ ನಿಗಾ ಇಡುವುದು ಸಹಜವಾಗುತ್ತದೆ, ಕೊನೆಗೆ ಅಮೆರಿಕದಲ್ಲಾದಂತೆ ಸಾಲವೂ ಮಗುವಿನ ತಲೆಗೆ ಬರುತ್ತದೆ. ತಂದೆಯದು ಎಂದರೆ, ತಂದೆ ಮನೆ ಬಿಟ್ಟು ಹೋದ ದಿನ ಮಗು ಬರಿಗೈಯಲ್ಲಿ ನಿಲ್ಲುತ್ತದೆ. ನಾವು ಬಹಳ ಯೋಚಿಸಿ ಬಂದ ನಿಲುವು ಇದು: ಹಣ ಹುಟ್ಟುವುದು ತಂದೆತಾಯಿಯ ಹಕ್ಕಾಗಿ, ಹೋಗಿ ಸೇರಬೇಕಾದದ್ದು ಮಗುವಿಗೆ. ಒಡಂಬಡಿಕೆಯ ಅದೇ 23ನೇ ವಿಧಿ, ಮಕ್ಕಳನ್ನು ಬೆಳೆಸುವ ಹೊಣೆ ನಿರ್ವಹಿಸಲು ಅಂಗವಿಕಲರಿಗೆ ಸರಕಾರ ತಕ್ಕ ನೆರವು ನೀಡಬೇಕು ಎನ್ನುತ್ತದೆ. ನೆರವು ಹೊಣೆ ಹೊತ್ತವರಿಗೆ. ಹೊಣೆಯನ್ನು ಅವರಿಂದ ಇಳಿಸಿ ಇನ್ನೊಬ್ಬರ ಹೆಗಲಿಗೇರಿಸಲು ಅಲ್ಲ. ಮಗನಿಗೆ ಪುಸ್ತಕ ತಂದುಕೊಟ್ಟವರು ಯಾರು ಎಂದು ಯಾರಾದರೂ ಕೇಳಿದರೆ, ನನ್ನ ಅಪ್ಪ ಎಂದು ಅವನು ಹೇಳುವಂತಿರಬೇಕು.

ಇದು ಅಸಾಧ್ಯದ ಮಾತಲ್ಲ. 2016ರ ಕಾಯ್ದೆಯ 24ನೇ ಕಲಮಿನಲ್ಲೇ ಒಂದು ಬೀಜವಿದೆ. ಸರಕಾರಗಳು ತಮ್ಮ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ರೂಪಿಸಬೇಕಾದ ಯೋಜನೆಗಳಲ್ಲಿ ಅಂಗವಿಕಲ ಮಹಿಳೆಯರ ಜೀವನೋಪಾಯಕ್ಕೆ ಮತ್ತು ಅವರ ಮಕ್ಕಳ ಪಾಲನೆಗೆ ನೆರವು ಎಂದು ಅದು ಹೇಳುತ್ತದೆ. ಮಹಿಳೆಯರು ಎಂದಷ್ಟೇ ಬರೆದಿದ್ದಾರೆ, ತಂದೆಯಂದಿರನ್ನು ಬಿಟ್ಟಿದ್ದಾರೆ. ಮಗುವನ್ನು ಸಾಕುವುದು ಹೆಂಗಸರ ಕೆಲಸ ಎಂಬ ನಂಬಿಕೆ ಕಾಯ್ದೆ ಬರೆದವರಲ್ಲೂ ಇತ್ತೆಂದು ಕಾಣುತ್ತದೆ. ಕರ್ನಾಟಕದಲ್ಲಿ ಅಂಧ ತಾಯಂದಿರಿಗೆ ಮಗು ಎಳೆಯದಿರುವಾಗ ಶಿಶುಪಾಲನಾ ಭತ್ಯೆ ಕೊಡುವ ಯೋಜನೆ ಇದೆ, ಕೇರಳದಲ್ಲಿ ಬಡ ಅಂಗವಿಕಲ ತಂದೆತಾಯಿಯರ ಮಕ್ಕಳ ಓದಿಗೆ ವಿದ್ಯಾಕಿರಣಂ ಇದೆ. ಇವೆರಡೂ ತಂದೆತಾಯಿಯನ್ನು ಅನರ್ಹರೆನ್ನದೆ ಹಣ ಕೊಡುತ್ತವೆ. ಕಣ್ಣು ಕಾಣದ ತಾಯಿಗೆ ಆಗುವುದಾದರೆ ಕೈಯಿಲ್ಲದ ತಾಯಿಗೆ ಏಕೆ ಆಗದು, ಬೆನ್ನು ಮುರಿದ ತಂದೆಗೆ ಏಕೆ ಆಗದು? ಮಗು ಶಾಲೆಗೆ ಸೇರಿದ ಮೇಲೆ ಅದರ ಖರ್ಚು ಏರುತ್ತದೆಯೇ ಹೊರತು ಇಳಿಯುವುದಿಲ್ಲ. 2023ರಿಂದ ನಮ್ಮ ರಾಜ್ಯ ಗೃಹಲಕ್ಷ್ಮಿಯ 2000 ರೂಪಾಯಿಯನ್ನು ಮನೆಯ ಯಜಮಾನಿಯರ ಖಾತೆಗೆ ನೇರವಾಗಿ ಹಾಕುತ್ತಿದೆ. ಹಣ ಮುಟ್ಟಿಸುವ ಕಾಲುವೆ ಸಿದ್ಧವಿದೆ ಎಂದಾಯಿತು.

ಕೆಲಸ ಇರುವುದು ಕಚೇರಿಗಳ ನಡುವೆ. ಪಿಂಚಣಿ ಕಂದಾಯ ಇಲಾಖೆಯದು, ಅಂಗವಿಕಲರ ಇತರ ಯೋಜನೆಗಳು ಅವರದೇ ಇಲಾಖೆಯವು, ಪ್ರಾಯೋಜಕತ್ವ ಮಕ್ಕಳ ರಕ್ಷಣಾ ಘಟಕದ್ದು. ಒಂದೇ ಮನೆಗೆ ಮೂರು ಬಾಗಿಲು, ಒಂದರ ಕಡತ ಇನ್ನೊಂದಕ್ಕೆ ಗೊತ್ತಿಲ್ಲ. ಪಿಂಚಣಿ ಮಂಜೂರಾದ ಅಂಗವಿಕಲ ತಂದೆ ಅಥವಾ ತಾಯಿ ಮಗುವಿನ ಜನನ ಪ್ರಮಾಣಪತ್ರ ಸಲ್ಲಿಸಿದರೆ, ಅದೇ ಆದೇಶದಲ್ಲಿ, ಅದೇ ಖಾತೆಗೆ ಮಗುವಿನ ಮೊತ್ತವೂ ಸೇರಬೇಕು. ವೈದ್ಯಕೀಯ ಮಂಡಳಿ ಒಮ್ಮೆ ಪರೀಕ್ಷಿಸಿ ಕೊಟ್ಟ ವಿಶಿಷ್ಟ ಗುರುತಿನ ಚೀಟಿ ಕೈಯಲ್ಲಿರುವಾಗ ಮತ್ತೊಂದು ತನಿಖೆ ಯಾತಕ್ಕೆ? ಕಚೇರಿಯಿಂದಲೇ ತಪ್ಪಾಗಿ ಹೆಚ್ಚು ಹೋದ ಹಣವನ್ನು ಮಗುವಿನಿಂದ ವಸೂಲು ಮಾಡುವಂತಿಲ್ಲ ಎಂದು ಮೊದಲೇ ಬರೆದಿಡಬೇಕು.

ಅಲ್ಲಿಯವರೆಗೆ, ಇರುವ 4000ವನ್ನು ಬಿಟ್ಟುಕೊಡಬೇಕೆಂದು ನಾವು ಹೇಳುವುದಿಲ್ಲ. ನಿಮ್ಮ ಓಣಿಯಲ್ಲಿ, ಜಮಾಅತ್‌ನಲ್ಲಿ ಇಂತಹ ಮನೆ ಇದ್ದರೆ ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕಾಣಿ. ತಾವೇ ಅಂಗವಿಕಲರಾದ್ದರಿಂದ ಅವರಿಗೆ ಕಚೇರಿಗಳ ದಾರಿ ಗೊತ್ತಿರುತ್ತದೆ. ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ತಂದೆ ಅಥವಾ ತಾಯಿಯ ವಿಶಿಷ್ಟ ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದಾಗ ಹತ್ತಿರದವರು ಯಾರಾದರೂ ಕುಳಿತಿದ್ದು, ವರದಿಯಲ್ಲಿ ಕಾರಣದ ಜಾಗದಲ್ಲಿ ಏನು ಬರೆಯುತ್ತಾರೆಂದು ಓದಿಸಿ ಕೇಳಿ. ಬೆನ್ನುಹುರಿಯ ಪೆಟ್ಟು, ದೃಷ್ಟಿಹೀನತೆ, ಶೇಕಡಾ ಇಷ್ಟು ಎಂದು ವೈದ್ಯರು ಬರೆದದ್ದಷ್ಟೇ ಇರಲಿ. 'ಅನರ್ಹ' ಎಂಬ ಪದ ಬಂದಿದ್ದರೆ ಸಹಿ ಹಾಕುವ ಮೊದಲು ಅದನ್ನು ತೆಗೆಸಿ.